ಹಗುರವಾದ ಕೈ

ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮನ ಬೆನ್ನು ಒಂದು ಕುರ್ಚಿ ಸಿಕ್ಕರೆ ಸಾಕು ಎನ್ನುತ್ತಿತ್ತು. ಆದರೆ ಆ ಕೋಣೆಯಲ್ಲಿದ್ದ ಕುರ್ಚಿ ರೋಗಿಗಳದು. ಹಲ್ಲಿನ ಆಸ್ಪತ್ರೆಯಲ್ಲಿ ವಸಡಿನ ರೋಗಕ್ಕೆ ಹೊಸ ಮುಲಾಮೊಂದನ್ನು ಪರೀಕ್ಷಿಸುತ್ತಿದ್ದರು. ಯಾರಿಗೆ ಮುಲಾಮು, ಯಾರಿಗೆ ಬರೀ ಕ್ಲೀನಿಂಗ್ ಎಂಬುದು ಅವಳಿಗೆ ಗೊತ್ತಿಲ್ಲ, ಗೊತ್ತಿರಲೂಬಾರದು. ಗೆರೆ ಕೊರೆದ ಸಣ್ಣ ಕಡ್ಡಿಯನ್ನು ಹಲ್ಲು ಮತ್ತು ವಸಡಿನ ಸಂದಿಗೆ ಇಳಿಸಿ ಅಳೆಯುವುದಷ್ಟೇ ಅವಳ ಕೆಲಸ. ಕಡ್ಡಿ ಆಳಕ್ಕೆ ಹೋದಷ್ಟೂ ರೋಗ ಹೆಚ್ಚು.

ಮೊದಮೊದಲು ಜನ ನೋವಿಗೆ ಅವಳ ಕೈಯನ್ನೇ ಹಿಡಿದುಬಿಡುತ್ತಿದ್ದರು. ಈಚೆಗೆ ಯಾರೂ ಹಿಡಿಯುತ್ತಿರಲಿಲ್ಲ. “ನಿಮ್ಮ ಕೈಗುಣ ಚೆನ್ನಾಗಿದೆ” ಎಂದು ಹೊಗಳಿ ಹೋಗುತ್ತಿದ್ದರು. ಆಳದ ಅಳತೆಯೂ ಎಲ್ಲರಿಗೂ ಕಡಿಮೆಯಾಗುತ್ತಿತ್ತು. ಸದ್ಯ, ಪಟ್ಟ ಪಾಡು ಸಾರ್ಥಕವಾಯಿತು ಎಂದುಕೊಂಡಿದ್ದಳು.

ಆ ದಿನ, ಪರೀಕ್ಷೆಗೆ ಸೇರಿದ್ದ ಟೈಲರ್ ಅಕ್ಕ ಕರೆಯದೆಯೇ ಬಂದಳು.

“ದಾರ ಕಚ್ಚಿದ್ರೆ ಮುಂದಿನ ಹಲ್ಲು ಅಲ್ಲಾಡತ್ತೆ ಡಾಕ್ಟ್ರಮ್ಮಾ. ರಕ್ತಾನೂ ನಿಂತಿಲ್ಲ.”

“ಹೋದ ತಿಂಗಳು ಎಷ್ಟೋ ವಾಸಿಯಾಗಿತ್ತಲ್ಲ ಅಕ್ಕ?”

“ನೀವು ವಾಸಿ ಅಂದ್ರಿ ಅಂತ್ಲೇ ನಾನು ಸುಮ್ಮನಾದೆ. ಬಾಯೊಳಗಿಂದು ನಂಗೇನು ಕಾಣತ್ತೆ?”

ಡಾಕ್ಟರಮ್ಮ ಕಡ್ಡಿ ಇಳಿಸಿದಳು. ನಾಲ್ಕು ಮಿಲಿಮೀಟರ್. ಅಲ್ಲಾಡುವ ಹಲ್ಲಿಗೆ ನಾಲ್ಕೇ? ಟೈಲರ್ ಅಕ್ಕ ಹುಬ್ಬು ಸಹ ಗಂಟಿಕ್ಕಲಿಲ್ಲ. ಮೊದಲ ಸಲ ಇದೇ ಅಕ್ಕ ನೋವಿಗೆ ಎದ್ದು ಕೂತಿದ್ದಳು. ಡಾಕ್ಟರಮ್ಮ ಹೋಗಿ ಬೀರು ತೆರೆದಳು.

ಬೀರುವಿನ ಮೂಲೆಯಲ್ಲಿ ಪುಟ್ಟ ತಕ್ಕಡಿಯೊಂದಿತ್ತು. ಪರೀಕ್ಷೆ ಶುರುವಾದಾಗ ಅದರ ಮೇಲೆ ಕಡ್ಡಿ ಒತ್ತಿ ಒತ್ತಿ, ಎಷ್ಟು ಒತ್ತಬೇಕೆಂದು ಕೈ ಪಳಗಿಸಿಕೊಂಡಿದ್ದಳು. ಈಗ ದೂಳು ಒರೆಸಿ ಒತ್ತಿದರೆ, ಮುಳ್ಳು ಸರಿಯಾದ ಒತ್ತಡ ತೋರಿಸುವ ಕೆಂಪು ಗೆರೆಯ ಅರ್ಧ ದಾರಿಗೂ ಬರಲಿಲ್ಲ. ಸುಳ್ಳು ಹೇಳು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ದಣಿದ ಕೈ, ಅಯ್ಯೋ ಪಾಪ ಎನ್ನುವ ಮನಸ್ಸು, ಎರಡೂ ಸೇರಿ ಊರವರ ರೋಗವನ್ನೆಲ್ಲ ಕಾಗದದ ಮೇಲೆ ವಾಸಿ ಮಾಡಿಬಿಟ್ಟಿದ್ದವು. ಅವಳಿಗೆ ನಾಚಿಕೆಯಾಯಿತು.

ಮುಳ್ಳು ಗೆರೆ ಮುಟ್ಟುವವರೆಗೆ ಕೈ ತಿದ್ದಿಕೊಂಡು ಬಂದು ಬೇರೆ ಕಡ್ಡಿಯಿಂದ ಮತ್ತೆ ಅಳೆದಳು. “ಅಮ್ಮಾ!” ಎಂದು ಅಕ್ಕ ಕುರ್ಚಿಯ ಅಂಚು ಹಿಡಿದಳು. ಈ ಸಲ ಏಳು ಮಿಲಿಮೀಟರ್.

“ಹೋದ ಸಲ ನಾನು ಸರಿಯಾಗಿ ಅಳೀಲಿಲ್ಲ ಅಕ್ಕ. ತಪ್ಪು ನಂದು.”

ಅಕ್ಕ ರಕ್ತ ಉಗುಳಿ ಬಾಯೊರೆಸಿಕೊಂಡಳು. “ಹಲ್ಲು ಉಳಿಯತ್ತಾ, ಅದನ್ನ ಹೇಳಿ.”

“ಸ್ವಲ್ಪ ಹೊರಗೆ ಕೂತಿರಿ, ಬಂದೆ.”

ಪರೀಕ್ಷೆ ನಡೆಸುತ್ತಿದ್ದ ದೊಡ್ಡ ಡಾಕ್ಟರು ತಮ್ಮ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದರು. ಅವಳು ನಡೆದದ್ದನ್ನೆಲ್ಲ ಹೇಳಿ, ಎಲ್ಲರನ್ನೂ ಮತ್ತೆ ಅಳೆಯಬೇಕು ಎಂದರೂ ಕಣ್ಣು ತೆರೆಯಲಿಲ್ಲ.

“ಎಲ್ಲರನ್ನೂ ಮತ್ತೆ ಕರೆಸೋದಾ? ಕೆಲಸ ಬಿಟ್ಟು ಬರ್ತಾರೇನಮ್ಮ ಜನ? ಎರಡೂ ಗುಂಪಿಗೂ ಅಳೆದಿದ್ದು ನೀನೇ ತಾನೇ? ಹಗುರ ಅಂದ್ರೆ ಇಬ್ಬರಿಗೂ ಹಗುರ.”

“ಅದಕ್ಕೇ ಸರ್, ಇಬ್ಬರಿಗೂ ವಾಸಿ ಅಂತ ಬರ್ತಿದೆ. ವಾಸಿಯಾದವರು ಒಬ್ಬರು ಹಲ್ಲು ಅಲ್ಲಾಡಿಸ್ಕೊಂಡು ಹೊರಗೆ ಕೂತಿದ್ದಾರೆ.”

“ನಂಗೂ ಸಾಕಾಗಿದೆಯಮ್ಮ.”

“ನಂಗೂ ಸಾಕಾಗಿದೆ ಸರ್.”

ದೊಡ್ಡ ಡಾಕ್ಟರು ಕಣ್ಣು ತೆರೆದು ಎದ್ದರು. ಅವಳ ಕೋಣೆಗೆ ನಡೆದು, ಕನ್ನಡಕ ತೆಗೆದಿಟ್ಟು, ರೋಗಿಯ ಕುರ್ಚಿಯಲ್ಲಿ ಒರಗಿದರು.

“ಮೊದಲು ನನ್ನ ಬಾಯಿ ನೋಡು.”

ಅವಳು ತಕ್ಕಡಿಯ ಮೇಲೆ ಒತ್ತಿ ನೋಡಿಕೊಂಡು, ಬೇರೆ ಶುಚಿಯಾದ ಕಡ್ಡಿ ಇಳಿಸಿದಳು. ಅವರ ಕಾಲ್ಬೆರಳುಗಳು ಮಡಿಚಿಕೊಂಡವು. ತಲೆ ನರೆಯುವವರೆಗೂ ಕಂಡವರ ಬಾಯಿಗೆ ಕಡ್ಡಿ ಹಾಕಿದವರು!

“ಇಷ್ಟು ನೋಯತ್ತಾ ಇದು?”

“ಹೂಂ ಸರ್. ಸರಿಯಾಗಿ ಒತ್ತಿದ್ರೆ, ರೋಗ ಇರೋ ಕಡೆ ನೋಯತ್ತೆ.”

ಅವರು ಕೆನ್ನೆ ಹಿಡಿದುಕೊಂಡೇ ಎದ್ದರು. “ನಾಳೆಯಿಂದ ಎಲ್ಲರಿಗೂ ಫೋನ್ ಮಾಡಿಸು. ದಿನಕ್ಕೆ ಈಗಿನ ಅರ್ಧದಷ್ಟು ಜನ ಸಾಕು. ನಡುನಡುವೆ ನೀನೂ ಕೂತ್ಕೊ. ಈಗ ಹೋಗಿ ಆಯಮ್ಮನ ಹಲ್ಲು ನೋಡು, ಅವರ ಮಟ್ಟಿಗೆ ಪರೀಕ್ಷೆ ಹಾಳಾಗಿ ಹೋಗ್ಲಿ.”

ಟೈಲರ್ ಅಕ್ಕ ಬೆಂಚಿನ ಮೇಲೆ ಕೂತು ನಾಲಿಗೆಯಿಂದ ಹಲ್ಲನ್ನು ತಳ್ಳಿ ನೋಡುತ್ತಿದ್ದಳು.

“ಉಳಿಯತ್ತಾ?”

“ಗೊತ್ತಿಲ್ಲ ಅಕ್ಕ. ಇವತ್ತೇ ಚಿಕಿತ್ಸೆ ಶುರು ಮಾಡೋಣ. ಇನ್ಮೇಲೆ ವಾಸಿಯಾಗಿಲ್ಲ ಅಂದ್ರೆ, ಆಗಿಲ್ಲ ಅಂತ್ಲೇ ಹೇಳ್ತೀನಿ.”

ಅಕ್ಕ ಅವಳ ಮುಖವನ್ನೊಮ್ಮೆ ನೋಡಿ, ಚೀಲ ಎತ್ತಿಕೊಂಡು ಎದ್ದಳು.

“ಹೇಳಿ. ವಾಸಿಯಾಗೋವರೆಗೂ ದಾರಕ್ಕೆ ಕತ್ತರಿ ಇದೆ.”