ಮಣ್ಣಿನಡಿಯ ಆರು ಮನೆ

ಹಿರಿಸೊಸೆ ನಕ್ಷೆಯಿಂದ ಆರನೆಯ ಮನೆಯನ್ನೂ ಅಳಿಸಿ, ಕಾರಣ ಬರೆಯುವ ಜಾಗದಲ್ಲಿ "ಇಲ್ಲಿ ಮನೆಗಳಿಲ್ಲ, ಬರೀ ಮಣ್ಣಿದೆ" ಎಂದು ಬರೆದಳು. ಬರೆದದ್ದು ಸುಳ್ಳಲ್ಲ. ಗುಡ್ಡ ಕುಸಿದ ಮೇಲೆ ಆಕಾಶದಿಂದ ತೆಗೆದ ಹೊಸ ಚಿತ್ರದಲ್ಲಿ, ಆ ಓಣಿಯಿದ್ದ ಕಡೆ ಮಣ್ಣು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಊಟದ ಮೇಜಿನ ಆಚೆ ತುದಿಯಲ್ಲಿ ಓರಗಿತ್ತಿ ತನ್ನ ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದಳು. ಎಲ್ಲರೂ ಸೇರಿ ಬರೆಯುವ, ಎಲ್ಲರಿಗೂ ಪುಕ್ಕಟೆ ಸಿಗುವ ಈ ನಕ್ಷೆಯ ಕೆಲಸವನ್ನು ಅವಳಿಗೆ ಕಲಿಸಿದವಳು ಹಿರಿಸೊಸೆಯೇ. ಚಿತ್ರ ನೋಡಿ ಮನೆ, ದಾರಿಗಳ ಗೆರೆ ಎಳೆಯುವುದು ಒಬ್ಬರು, ಸರಿಯಿದೆಯೇ ಎಂದು ನೋಡಿ ತಿದ್ದುವುದು ಇನ್ನೊಬ್ಬರು. ಕಲಿತು ವರ್ಷ ತುಂಬಿಲ್ಲ, ಕಿರಿಯವಳು ಆಗಲೇ ಗುರುವಿಗೇ ತಿರುಮಂತ್ರ ಹೇಳುವಷ್ಟಾಗಿದ್ದಳು. ಪರಿಹಾರ ತಂಡದವರಿಂದ ಹೊಗಳಿಕೆಯೆಲ್ಲ ಅವಳಿಗೇ. ಬೆಳಗ್ಗೆ ಅತ್ತೆಯೂ, "ಚಿಕ್ಕವಳ ಕೈ ನೋಡು, ಎಷ್ಟು ಚುರುಕು!" ಎಂದಿದ್ದರು. ಆ ಕೈಗೆ ಹೇಳಿಕೊಟ್ಟ ಕೈ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕುತ್ತ ಹೋದವಳಿಗೆ ಈ ಆರು ಮನೆ ಸಿಕ್ಕಾಗ ಹಾಲು ಕುಡಿದಷ್ಟು ಸಂತೋಷವಾಗಿತ್ತು.

ಹಿರಿಸೊಸೆಗೆ ಫೋನ್ ಬಂತು; ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಕುಸಿದ ಗುಡ್ಡದಲ್ಲಿ ಅಗೆಯುತ್ತಿದ್ದ ತಂಡದ ಮೇಸ್ತ್ರಿ.

"ಮೇಡಂ, ಮೇಲಿನ ಓಣೀಲಿ ಮನೆಗಳೇ ಇರ್ಲಿಲ್ವಾ? ಬೆಳಗ್ಗೆ ನಕ್ಷೇಲಿ ಆರು ಕಾಣ್ತಿತ್ತು, ಈಗ ಒಂದೂ ಇಲ್ಲ. ಹಂಗಾದ್ರೆ ಮಷೀನ್ ಕೆಳಗಿನ ಬೀದಿಗೆ ಕಳಿಸ್ತೀನಿ."

ಹಿರಿಸೊಸೆ ಅಳಿಸಿದ ಜಾಗವನ್ನು ಮತ್ತೆ ತೆರೆದಳು. ಕಿರಿಯವಳು ಬೇಕೆಂದೇ ಕುಸಿತಕ್ಕೆ ಮುಂಚಿನ ಚಿತ್ರ ನೋಡಿ ಬರೆದಿದ್ದಳು. ಮನೆ ಎಲ್ಲಿತ್ತೆಂದು ತಿಳಿಯದೆ ಎಲ್ಲಿ ಅಗೆಯುವುದು? ಇದನ್ನು ಕಲಿಸಿದವಳೂ ತಾನೇ. ಅಳಿಸುವಾಗ ಮರೆತಿತ್ತು ಎಂದು ಹೇಳಬಹುದಿತ್ತು. ಮರೆತಿರಲಿಲ್ಲ.

"ಕಳಿಸ್ಬೇಡಿ! ಲೈನಲ್ಲೇ ಇರಿ."

ಹೊಸದಾಗಿ ಗೆರೆ ಎಳೆದರೆ ಮನೆಗಳು ತನ್ನ ಹೆಸರಿನಲ್ಲಿರುತ್ತವೆ, ಆದರೆ ಹೊತ್ತು ಹಿಡಿಯುತ್ತದೆ. ಅಳಿಸಿದ್ದನ್ನು ಹಾಗೇ ವಾಪಸ್ ತಂದರೆ ಕ್ಷಣದ ಕೆಲಸ, ಆದರೆ ಬರೆದವರು ಯಾರು, ಅಳಿಸಿದವರು ಯಾರು ಎಂದು ಲೋಕಕ್ಕೆಲ್ಲ ಕಾಣುತ್ತದೆ. ಅಂಥ ಹೊತ್ತಿನಲ್ಲೂ ಅವಳ ಮನಸ್ಸು ಒಂದು ಗಳಿಗೆ ಹಿಂದೆಮುಂದೆ ನೋಡಿತು. ಆಮೇಲೆ ವಾಪಸ್ ತಂದಳು.

"ಬಂತು ಮೇಡಂ, ಆರೂ ಬಂತು! ಏಯ್, ಮೇಲಕ್ಕೆ ತಿರುಗಿಸ್ರೋ!"

ಕಿರಿಯವಳು ತಲೆಯೆತ್ತಿದಳು. "ನನ್ನ ಕೈಯಿಂದ್ಲೇ ಅಳಿಸಿಹೋಗಿತ್ತೇನೋ ಅಕ್ಕಾ. ಸದ್ಯ, ನೀವು ನೋಡಿದ್ರಲ್ಲ."

ಒಳ್ಳೆಯತನದಲ್ಲೂ ಇವಳೇ ಒಂದು ಕೈ ಮೇಲೆ. ಹಿರಿಯವಳಿಗೆ ಮತ್ತೆ ಉರಿಯಿತು.

"ಅಳಿಸಿದ್ದು ನಾನು ಕಣೇ," ಎಂದಳು. "ಬೇಕಂತಲೇ."

ಫೋನ್ ಇಡುವುದನ್ನು ಮೇಸ್ತ್ರಿ ಮರೆತಿದ್ದ. ಮೇಜಿನ ಮೇಲಿಂದ ಯಂತ್ರದ ಗುಡುಗು, ಸಲಿಕೆಗಳ ಸದ್ದು ಬರುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಯಾರೋ, "ಮಷೀನ್ ನಿಲ್ಸಿ! ಯಾರೂ ಮಾತಾಡ್ಬೇಡಿ!" ಎಂದು ಕೂಗಿದರು. ಅಲ್ಲಿ ಎಲ್ಲವೂ ನಿಂತಿತು. ಮೇಜಿನ ಎರಡು ತುದಿಯಲ್ಲಿ ಇವರಿಬ್ಬರೂ ಮಣ್ಣಿನಡಿಯಿಂದ ದನಿಯೇನಾದರೂ ಬರುವುದೋ ಎಂದು ಕಿವಿಗೊಟ್ಟರು.