ನಿಲ್ಲದ ಮುಳ್ಳು

ಕಾರಿನ ಏಸಿ ರಿಪೇರಿ ಮಾಡುವ ಅವನಿಗೆ ವಯಸ್ಸು ನಲವತ್ತು ದಾಟಿದ್ದರೂ ಸುತ್ತಲಿನ ಗ್ಯಾರೇಜಿನವರೆಲ್ಲ ಕರೆಯುತ್ತಿದ್ದದ್ದು 'ಅವಸರ' ಎಂದೇ. ಆ ಹೆಸರಿಟ್ಟವರು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಗಿರಾಕಿಗಳ ಎದುರಿಗೇ ಅವರು, "ಮೀಟರಿನ ಮುಳ್ಳು ಸುಳ್ಳು ಹೇಳಲ್ಲ ಕಣೋ, ನೀನು ಹೇಳ್ತೀಯ" ಎಂದು ಬೈದಿದ್ದರು. ಸ್ಪ್ಯಾನರ್ ಕೆಳಗಿಟ್ಟು ಹೊರಟವನು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಹೋದ ವರ್ಷ ಮೇಸ್ತ್ರಿ ತೀರಿಕೊಂಡ ದಿನ ಹೋಗಿದ್ದನೇನೋ ನಿಜ; ಆದರೆ ರಸ್ತೆಯ ಆಚೆ ಬದಿಯಲ್ಲೇ ನಿಂತು, ಗೇಟಿನ ಬಳಿ ಸೇರಿದ ಜನರನ್ನು ನೋಡಿ ಹಿಂದಿರುಗಿದ್ದ.

ಒಂದು ಬೆಳಿಗ್ಗೆ ಮೇಸ್ತ್ರಿಯ ಹೆಂಡತಿ ಅವರ ಹಳೆಯ ಬೂದು ಬಣ್ಣದ ಕಾರನ್ನು ತಾವೇ ಓಡಿಸಿಕೊಂಡು ಬಂದು ಅವನ ಶೆಡ್ಡಿನ ಮುಂದೆ ನಿಲ್ಲಿಸಿದರು.

"ತಂಪೇ ಬರ್ತಿಲ್ಲ, ನೋಡಪ್ಪ."

"ಬೇರೆ ಯಾರಿಗೂ ತೋರಿಸ್ಲಿಲ್ವಾ ಅಕ್ಕ?"

"ಇಲ್ಲ. ನಿನ್ನ ಹತ್ರಾನೇ ತರಬೇಕು ಅನ್ನಿಸ್ತು" ಎಂದು ಅವರು ಹೊರಗಿದ್ದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು.

ಕಾರಿನಲ್ಲಿ ಗ್ಯಾಸು ಹೆಸರಿಗಷ್ಟೇ ಇತ್ತು. ಹೊಸ ಗ್ಯಾಸು ತುಂಬುವ ಮೊದಲು ಪೈಪುಗಳಲ್ಲಿರುವ ಗಾಳಿ, ತೇವವನ್ನೆಲ್ಲ ಪಂಪಿನಿಂದ ಹೀರಿ ತೆಗೆಯಬೇಕು. ಆಮೇಲೆ ಪಂಪು ನಿಲ್ಲಿಸಿದರೂ ಮೀಟರಿನ ಮುಳ್ಳು ಸೊನ್ನೆಯ ಕೆಳಗೆ ಇಳಿದಲ್ಲೇ ನಿಂತಿರಬೇಕು. ಏರಿದರೆ ಎಲ್ಲೋ ತೂತಿದೆ ಎಂದರ್ಥ. ಅವನು ಅರ್ಧ ಗಂಟೆ ಹೀರಿಸಿ ಪಂಪು ಆರಿಸಿದ. ಮುಳ್ಳು ಒಂದು ಗಳಿಗೆ ನಿಂತಿತು. ನಂತರ ನಿದ್ದೆಯಿಂದ ಎದ್ದವರ ಹಾಗೆ ನಿಧಾನಕ್ಕೆ ಮೇಲೇರತೊಡಗಿತು.

ಮೊದಲು ನಿನ್ನ ಸಾಮಾನು ನೋಡು, ಆಮೇಲೆ ಗಾಡೀನ ಬಯ್ಯಿ. ಮೇಸ್ತ್ರಿಯ ಮಾತು ಕಿವಿಯ ಪಕ್ಕದಲ್ಲೇ ಕೇಳಿದಂತಾಯಿತು. ಕಾರಿನಿಂದ ಬೇರ್ಪಡಿಸಿ ತನ್ನ ಮೀಟರು, ಟ್ಯೂಬುಗಳನ್ನಷ್ಟೇ ಪರೀಕ್ಷಿಸಿದ. ಮುಳ್ಳು ಅಲ್ಲಾಡಲಿಲ್ಲ. ಪಂಪಿನ ಎಣ್ಣೆ ತೇವ ಸೇರಿ ಹಾಲಿನಂತೆ ಬೆಳ್ಳಗಾಗಿತ್ತು, ಬದಲಿಸಿದ. ಮತ್ತೆ ಕಾರಿಗೆ ಜೋಡಿಸಿದರೆ ಅದೇ ಕಥೆ. ಒಳಗೆ ತೇವ ಉಳಿದಿದ್ದರೆ ಮುಳ್ಳು ಸ್ವಲ್ಪ ಏರಿ ನಿಂತುಬಿಡುತ್ತಿತ್ತು. ಇದು ಸೊನ್ನೆ ಮುಟ್ಟುವವರೆಗೂ ಏರುತ್ತಲೇ ಇತ್ತು.

ಮೂರನೇ ಸಲ ಮೀಟರನ್ನು ದಿಟ್ಟಿಸುತ್ತಿದ್ದಾಗ ಎಡಭುಜದ ಹಿಂದೆ ಯಾರೋ ನಿಂತಂತಾಯಿತು. ಮೇಸ್ತ್ರಿ ಮೈಯೆಲ್ಲ ಕಣ್ಣಾಗಿ ಕೆಲಸ ನೋಡುವಾಗ ಅವರ ಮೂಗಿನಿಂದ ಸಣ್ಣ ಶಿಳ್ಳೆಯ ಸದ್ದು ಬರುತ್ತಿತ್ತು. ಆ ಸದ್ದೇ. ತಿರುಗಿ ನೋಡಿದರೆ ಯಾರೂ ಇಲ್ಲ. ಹೊರಗೆ ಅಕ್ಕ ರಸ್ತೆ ನೋಡುತ್ತ ಕೂತಿದ್ದರು. ತೂತಿನಿಂದ ಗಾಳಿ ಒಳಗೆ ಹೋಗುವ ಸದ್ದಿರಬೇಕು ಎಂದುಕೊಂಡು ಪೈಪುಗಳ ಉದ್ದಕ್ಕೂ ಕಿವಿಯಿಟ್ಟ. ಅಲ್ಲಿ ಏನೂ ಕೇಳಲಿಲ್ಲ. ಮೀಟರಿನ ಮುಂದೆ ಬಂದರೆ ಮತ್ತೆ ಕೇಳಿತು. ಹಿಂದಿದ್ದವರಿಗೂ ಕಾಣಲಿ ಎಂಬಂತೆ ತನಗೇ ತಿಳಿಯದೆ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ.

ಕೊನೆಗೆ ಪೈಪುಗಳಿಗೆ ನೈಟ್ರೋಜನ್ ತುಂಬಿಸಿ, ಒಂದೊಂದು ಜಾಯಿಂಟಿಗೂ ಸೋಪಿನ ನೀರು ಹಚ್ಚುತ್ತ ಬಂದ. ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನ ಹತ್ತಿರ ಒಂದು ಗುಳ್ಳೆ ಊದಿಕೊಂಡು ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಬಟ್ಟೆಯಿಂದ ಜಿಡ್ಡು ಒರೆಸಿದಾಗ ಬೋಲ್ಟಿನ ತಲೆಯ ಮೇಲೆ ಹಳದಿ ಬಣ್ಣದ ಚುಕ್ಕೆ ಕಂಡಿತು.

ಮೇಸ್ತ್ರಿಯ ಗ್ಯಾರೇಜಿನಲ್ಲಿ ಬೋಲ್ಟು ಬಿಗಿ ಮಾಡಿದವರು ತಮ್ಮ ತಮ್ಮ ಬಣ್ಣದ ಚುಕ್ಕೆ ಇಡಬೇಕಿತ್ತು. ಮೇಸ್ತ್ರಿಯದು ಕೆಂಪು. ಹಳದಿ ಇವನದು.

ಬೈಸಿಕೊಂಡ ಆ ದಿನ ಅವನ ಕೈಯಲ್ಲಿದ್ದದ್ದು ಇದೇ ಕಾರು. ಎಣ್ಣೆ ಸವರದೆ ಜಾಯಿಂಟಿನ ರಬ್ಬರ್ ರಿಂಗನ್ನು ಒತ್ತಿ ಕೂರಿಸಿ, ಹತ್ತೇ ನಿಮಿಷ ಪಂಪು ಓಡಿಸಿ, ಮುಳ್ಳು ನಿಂತಿದೆ ಎಂದು ಹೇಳಿಬಿಟ್ಟಿದ್ದ. ಈಗ ಬಿಚ್ಚಿದರೆ ರಿಂಗು ಒಂದು ಕಡೆ ಸೀಳಿ ಚಪ್ಪಟೆಯಾಗಿತ್ತು.

ಕೈ ತೊಳೆದುಕೊಂಡು ಹೊರಗೆ ಬಂದ.

"ರಿಂಗ್ ಹೋಗಿದೆ ಅಕ್ಕ. ಹಳೇದಾಗಿ..." ಎಂದವನು ತಡೆದ. "ಹಳೇದಾಗಿ ಅಲ್ಲ. ಅದನ್ನ ಹಾಕಿದ್ದು ನಾನೇ. ಸರಿಯಾಗಿ ಹಾಕಿರ್ಲಿಲ್ಲ."

"ಗೊತ್ತು," ಎಂದರು ಅಕ್ಕ. "ಪ್ರತಿ ವರ್ಷ ಸೆಖೆ ಶುರುವಾದಾಗ ಅವರೇ ಗ್ಯಾಸ್ ತುಂಬ್ಕೊಳ್ಳೋರು. ಒಂದ್ಸಲ ಬಿಚ್ಚಿ ಸರಿ ಮಾಡಬಾರ್ದಾ ಅಂದ್ರೆ, ಬಿಚ್ಚಬೇಕಾದವನು ಬರ್ತಾನೆ ಬಿಡೇ, ಅನ್ನೋರು."

"ಒಂದು ಮಾತು ಹೇಳಿ ಕಳಿಸಿದ್ರೆ ಬರ್ತಿದ್ದೆ."

"ಬರ್ತಿದ್ಯಾ?"

ಅದರಲ್ಲಿ ಸಿಟ್ಟಿರಲಿಲ್ಲ. ಅವನು ಹೊಸ ರಿಂಗು ಹುಡುಕಲು ಒಳಗೆ ಹೋದ.

ಹೊಸ ರಿಂಗಿಗೆ ಎಣ್ಣೆ ಸವರಿ, ಬೆರಳಿನಿಂದ ಸುತ್ತ ಮುಟ್ಟಿ ನೋಡಿ ಕೂರಿಸಿದ. ತೇವ ಹೀರುವ ಡಬ್ಬಿಯನ್ನೂ ಬದಲಿಸಿದ. ಪೂರ್ತಿ ಒಂದು ಗಂಟೆ ಪಂಪು ಓಡಿಸಿ ಆರಿಸಿ, ಇನ್ನೊಂದು ಗಂಟೆ ಮೀಟರಿನ ಮುಂದೆ ಕೂತ. ಮುಳ್ಳು ಕೂದಲೆಳೆಯಷ್ಟೂ ಕದಲಲಿಲ್ಲ. ಶಿಳ್ಳೆಯೂ ಕೇಳಲಿಲ್ಲ. ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದ. ಶೆಡ್ಡು ಯಾರೋ ಈಗಷ್ಟೇ ಎದ್ದು ಹೋದ ಮನೆಯ ಹಾಗಿತ್ತು.

ಗ್ಯಾಸು ತುಂಬಿಸಿದ ಮೇಲೆ ಅಕ್ಕ ಒಳಗೆ ಕೂತು ಗಾಳಿಗೆ ಅಂಗೈ ಹಿಡಿದರು.

"ಇಷ್ಟು ತಂಪು ಈ ಕಾರಲ್ಲಿ ನಾನು ಕಂಡೇ ಇಲ್ಲ" ಎಂದು, ಸ್ವಲ್ಪ ಹೊತ್ತಿನಲ್ಲೇ ಏಸಿ ಆರಿಸಿ ಕಿಟಕಿ ಇಳಿಸಿ ಹೊರಟರು.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಅವರ ಮನೆಗೆ ಹೋದ. ಅಕ್ಕ ಯಾಕೆ ಬಂದೆ ಎಂದು ಕೇಳದೆ, "ಬಾ, ಟೀ ಇಡ್ತೀನಿ" ಎಂದು ಅಡುಗೆಮನೆಗೆ ನಡೆದರು. ಮೇಸ್ತ್ರಿಯ ಕನ್ನಡಕ ಇನ್ನೂ ಮೇಜಿನ ಮೇಲೆಯೇ ಇತ್ತು, ಕಡ್ಡಿಗಳು ಬಿಚ್ಚಿಕೊಂಡು, ಬಾಗಿಲ ಕಡೆಗೆ ಮುಖಮಾಡಿ. ಅದಕ್ಕೆ ಬೆನ್ನು ಕೊಟ್ಟು ಕೂರಲು ಅವನಿಂದಾಗಲಿಲ್ಲ. ಕುರ್ಚಿಯನ್ನು ತಿರುಗಿಸಿಕೊಂಡು ಎದುರಿಗೇ ಕೂತ.