ಮರಬಾಳೆಯ ಎರಡು ಎಲೆ

ಹೊಳಿಯಮ್ಮ ಕುಂಡವನ್ನು ಬೋರಲು ಹಾಕಿ ತಳಕ್ಕೆ ಎರಡು ಸಲ ಬಡಿದಳು. ಕರಿಮಣ್ಣು ಒಂದೇ ಮುದ್ದೆಯಾಗಿ ಕಟ್ಟೆಯ ಮೇಲೆ ಬಿತ್ತು. ಕೊಳೆತ ವಾಸನೆ ಬಂತು. ಮರಬಾಳೆಯ ಬೇರು ಹಿಡಿದರೆ ಸಿಪ್ಪೆ ಜಾರಿ, ಒಳಗಿನ ನಾರು ಮಾತ್ರ ಬೆರಳಿಗೆ ಉಳಿಯುತ್ತಿತ್ತು.

"ಉಣಿಸಿ ಉಣಿಸಿ ಕೊಂದಿ ನೋಡು," ಎಂದ ಗಂಡ ವಿರುಪಣ್ಣ, ಮಿಣಿ ಹೊಸೆಯುತ್ತ. "ನನ್ನ ಗಂಗಾಳಕ್ಕ ಮಾತ್ರ ಒಂದಿನಾನೂ ಇಷ್ಟ ನೀಡಲಿಲ್ಲ ನೀ."

"ಬೇರು ಗಾಳ್ಯಾಗ ಜೋತಾಡ್ತಿದ್ವು. ನೋಡಾಕ ಆಗ್ಲಿಲ್ಲ."

"ಅವ್ವ ಹನ್ನೆರಡು ವರ್ಷ ಹಂಗ ಬಿಟ್ಟಿದ್ಲು."

ತನ್ನ ತವರು ವಿರೂಪಾಪುರಗಡ್ಡೆಯಲ್ಲಿ ಮಾವಿನ ಕೊಂಬೆಗೆ ಅಂಟಿಕೊಂಡು ಮಣ್ಣಿಲ್ಲದೆ ಬೆಳೆದಿದ್ದ ಈ ಗಿಡವನ್ನು ಅತ್ತೆ ಮುದಕಮ್ಮ ಯಲಬುರ್ಗಿ ಕಡೆಯ ಈ ಮಂಗಳೂರಿಗೆ ತಂದು, ಇದ್ದಲು, ಇಟ್ಟಂಗಿ ಚೂರು ತುಂಬಿದ ತೂತಿನ ಗಡಿಗೆಯಲ್ಲಿ ಕಟ್ಟಿದ್ದಳು. ಕಿವಿ ಸೋರುವ ಮಕ್ಕಳಿಗೆ ಅದರ ಎಲೆಯ ರಸವೇ ಓಣಿಗೆಲ್ಲ ಮದ್ದು. ದವಾಖಾನೆಗೆ ಹೋಗಿಬರಲು ಎರಡು ದಿನದ ಬಂಡಿದಾರಿ. ಕೆಳಗಿನ ಎಲೆಯನ್ನಷ್ಟೇ ಕೀಳಬೇಕು, ಕೇಳಿ ಬಂದವರಿಗೆ ಇಲ್ಲ ಅನ್ನಬಾರದು ಎಂಬುದು ಅತ್ತೆಯ ಕಟ್ಟಳೆ. ದೂರದೇಶದ ದೊಡ್ಡ ಲಡಾಯಿಯ ಮೂರನೆಯ ವರ್ಷ, ಶ್ರಾವಣದಲ್ಲಿ ಅವಳು ತೀರಿಕೊಂಡಳು. ದಸರೆಗೆ ಸುಣ್ಣ ಹಚ್ಚುವಾಗ ಗಿಡ ಉಪವಾಸ ಬಿದ್ದಂತೆ ಕಂಡು ಹೊಳಿಯಮ್ಮ ಮರುಗಿದಳು. ಹೊಸ ಕುಂಡಕ್ಕೆ ಹೊಲದ ಮಣ್ಣು, ತಿಪ್ಪೆಗೊಬ್ಬರ ತುಂಬಿ ನೆಟ್ಟು, ದಿನಾ ಒಂದು ತಂಬಿಗೆ ನೀರು ಸುರಿದಳು. ಎಲೆಗಳು ಹಳದಿಯಾಗಿ ಉದುರಿ ಈಗ ಉಳಿದದ್ದು ಎರಡು.

ಮಗಳು ಗಾಳೆಮ್ಮನಿಗೆ ನಾಲ್ಕು ವರ್ಷ. ಚಳಿ ಬಿದ್ದರೆ ಅವಳ ಎಡಗಿವಿ ಕೀವಾಗುತ್ತಿತ್ತು. ಹೋದ ವರ್ಷ ಅತ್ತೆ ಎಲೆ ಹಿಂಡಿ ಬಿಟ್ಟ ಮೇಲೇ ಕೂಸು ನಿದ್ದೆಹೋದದ್ದು. ಈ ವರ್ಷದ ಚಳಿ ಇನ್ನೂ ಮುಂದಿತ್ತು.

ಕುಡಗೋಲಿನ ಮೊನೆಯಿಂದ ಕೊಳೆತದ್ದನ್ನೆಲ್ಲ ಕೊಯ್ದಳು. ಒಂದೇ ಒಂದು ಬೇರು ಗಟ್ಟಿಯಿತ್ತು, ಕಿರುಬೆರಳಿನಷ್ಟು. ಹಳೆಯ ಗಡಿಗೆಗೆಂದು ಒಲೆಯ ಇದ್ದಲು ಹೆಕ್ಕುತ್ತಿದ್ದಾಗ ಹಿಂದಿನ ಓಣಿಯ ಖೈರುನಬಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಕೂಸು ಅತ್ತು ಅತ್ತು ದನಿ ಒಡೆದಿತ್ತು.

"ಮೂರು ದಿನ ಆತವ್ವ. ಎರಡೂ ಕಿವಿ. ಹಾಲು ಹಿಡೀವಲ್ದು. ಒಂದೆರಡು ಎಲಿ..." ಕಟ್ಟೆಯ ಮೇಲಿನ ಗಿಡ ನೋಡಿ ಅವಳ ಮಾತು ನಿಂತಿತು. "ಇದಕ್ಕೇನಾತ?"

"ನಾನ ಕೆಡಿಸೀನಿ," ಎಂದಳು ಹೊಳಿಯಮ್ಮ.

ಖೈರುನಬಿ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಇರ್ಲಿ ಬಿಡು. ನಿನ್ನ ಮಗಳ ಕಿವೀದು ನನಗ ಗೊತ್ತಿಲ್ಲೇನ? ಉಳ್ಳಾಗಡ್ಡಿ ರಸ ಬಿಟ್ಟು ನೋಡ್ತೀನಿ."

ಅವಳು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಹೋದಳು. ಹೆಗಲ ಮೇಲಿನ ಕೂಸು ಹಿಂದಕ್ಕೆ ಮುಖಮಾಡಿ ಅಳುತ್ತಿತ್ತು. ಮಿಣಿ ಹೊಸೆಯುತ್ತಿದ್ದ ವಿರುಪಣ್ಣನ ಕೈ ನಿಂತಿತ್ತು.

"ಚಿಗವ್ವ, ನಿಂದರು."

ಹೊಳಿಯಮ್ಮ ಕೆಳಗಿನ ಎಲೆ ಮುರಿದಳು. ಸ್ವಲ್ಪ ತಡೆದು ಮೇಲಿನದನ್ನೂ ಮುರಿದಳು.

"ಒಂದ ಸಾಕಿತ್ತಲ್ಲ," ಎಂದಳು ಖೈರುನಬಿ.

"ಎರಡೂ ಕಿವಿ ಅಂದೆಲ್ಲ. ಕೆಂಡದ ಮ್ಯಾಲ ಬಾಡಿಸಿ ಹಿಂಡು. ಆರಿದ ಮ್ಯಾಲ ಬಿಡು, ಬಿಸೀದು ಬಿಟ್ಟೀ ಮತ್ತ."

ಖೈರುನಬಿ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ನಡೆದಳು.

ಹೊಳಿಯಮ್ಮ ಹಳೆಯ ಗಡಿಗೆಗೆ ಇದ್ದಲು, ಇಟ್ಟಂಗಿ ಚೂರು ತುಂಬಿ ಎಲೆಯಿಲ್ಲದ ದಂಟನ್ನು ನಿಲ್ಲಿಸಿದಳು. ಬೇರನ್ನು ಹೊರಗೇ ಬಿಟ್ಟಳು. ನೀರು ಸುರಿಯದೆ, ಬೆರಳದ್ದಿ ನಾಲ್ಕು ಹನಿ ಚಿಮುಕಿಸಿದಳು. ವಿರುಪಣ್ಣ ಎದ್ದು ಬಂದು ಗಡಿಗೆಯನ್ನು ತೊಲೆಗೆ ತೂಗುಹಾಕಿದ.

"ಯವ್ವಾ, ಬರೇ ಕಟ್ಟಿಗಿ ಯಾಕ ನೆಟ್ಟಿ?" ಗಾಳೆಮ್ಮ ನಿದ್ದೆಗಣ್ಣಲ್ಲಿ ಕೇಳಿದಳು.

"ಬೇರು ಐತವ್ವ."

ಹೊರಗೆ ಚಳಿ ತರುವ ಮೂಡಗಾಳಿ ಎದ್ದಿತ್ತು. ಹತ್ತಿ ಬಿಡಿಸಲು ಹೊರಟ ಹೆಂಗಸರು ಓಣಿಯಿಂದ ಕೂಗಿ ಮುಂದೆ ಹೋದರು. ಹೊಳಿಯಮ್ಮ ಮಗಳನ್ನು ಮಂಡಿಯ ನಡುವೆ ನಿಲ್ಲಿಸಿಕೊಂಡು, ತಾನು ಹೊಲಕ್ಕೆ ಸುತ್ತಿಕೊಳ್ಳುವ ತಲೆಬಟ್ಟೆಯಿಂದ ಅವಳ ಎರಡೂ ಕಿವಿ ಮುಚ್ಚಿ ಗದ್ದದ ಕೆಳಗೆ ಗಂಟು ಹಾಕಿದಳು. ಸಡಿಲವಾಯಿತು ಅನ್ನಿಸಿತು. ಬಿಚ್ಚಿ, ಮತ್ತೆ ಕಟ್ಟಿದಳು.